ಜಾಥಾಕ್ಕಿರುವ ಹಣ ಔಷಧಿಗೂ ಇರಲಿ

ಜೂನ್ 26 ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲೂ ಹೋಬಳಿ ಊರುಗಳಲ್ಲೂ ಶಾಲಾ ಮಕ್ಕಳ ಜಾಥಾ ಹೊರಡುತ್ತದೆ. ಮುಂದೆ ಬ್ಯಾನರು, ಕೈಯಲ್ಲಿ ಫಲಕ, ದಾರಿಯುದ್ದಕ್ಕೂ ಘೋಷಣೆ, ಕೊನೆಗೆ ಪ್ರತಿಜ್ಞೆ. ಮಾದಕ ವಸ್ತುಗಳ ವಿರುದ್ಧದ ಈ ದಿನವನ್ನು ವಿಶ್ವಸಂಸ್ಥೆ ಗೊತ್ತುಮಾಡಿದ್ದು 1987ರಲ್ಲಿ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮದ್ಯಪಾನ ಸಂಯಮ ಮಂಡಳಿಯ ಕಾರ್ಯಕ್ರಮಗಳು, ಸಂಯಮ ಪ್ರಶಸ್ತಿ ಬೇರೆ ಇವೆ. ಎಲ್ಲಕ್ಕೂ ಹೋಗುವುದು ಸಾರ್ವಜನಿಕರ ದುಡ್ಡೇ. ಜಾಥಾ ಮುಗಿದ ಮರುದಿನ ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಊರಿನಲ್ಲಿ ಒಬ್ಬ ಹೆಣ್ಣುಮಗಳು ಆಶಾ ಕಾರ್ಯಕರ್ತೆಯ ಮನೆಗೆ ಬಂದು, "ಅಕ್ಕಾ, ನಮ್ ಮನೆಯವ್ರಿಗೆ ಈ ಚಟ ಬಿಡಿಸ್ಬೇಕು, ಎಲ್ಲಿಗೆ ಕರ್ಕಂಡ್ ಹೋಗ್ಲಿ?" ಎಂದು ಕೇಳಿದರೆ ಏನು ಉತ್ತರ ಸಿಗಬೇಕು? ಆ ಉತ್ತರಕ್ಕಾಗಿ ನಾವು ಎಷ್ಟು ಹಣ ತೆಗೆದಿಟ್ಟಿದ್ದೇವೆ? ಈ ಬರಹ ಅದರ ಬಗ್ಗೆ.

ಬಿಳಿಚೋಡು ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ ಊರು. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಮಳೆ ಬದಲಾಗಲಿಲ್ಲ. ಮೆಕ್ಕೆಜೋಳ, ಶೇಂಗಾ ಬಿತ್ತಿ ಆಕಾಶ ನೋಡುವ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಜನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತಾರೆ. ಮೂಟೆ ಹೊರುವ ಬೆನ್ನು, ಕಾಂಕ್ರೀಟ್ ಹೊರುವ ಹೆಗಲು ಸಂಜೆಯಾಗುತ್ತಲೇ ನೋವು ಮರೆಸುವುದೇನನ್ನಾದರೂ ಕೇಳುತ್ತವೆ. ಹೆಚ್ಚಿನವರಿಗೆ ಅದು ಮದ್ಯ. ಈಚಿನ ವರ್ಷಗಳಲ್ಲಿ ದೊಡ್ಡ ಊರುಗಳಲ್ಲಿ ಕೆಲವರಿಗೆ ಅದು ಮಾತ್ರೆಯೂ ಆಗಿದೆ. ಬಿಳಿಚೋಡಿಗೆ ಅಫೀಮು ಬಂದುಬಿಟ್ಟಿದೆ ಎಂದು ಹೆದರಿಸಲು ನಾನು ಬರೆಯುತ್ತಿಲ್ಲ. ಈ ಸೀಮೆಯ ದೊಡ್ಡ ಚಟ ಇಂದಿಗೂ ಕುಡಿತವೇ. ಆದರೆ ಚಟಕ್ಕೆ ಯಾವ ಚಿಕಿತ್ಸೆ ಫಲ ಕೊಡುತ್ತದೆ, ಸರ್ಕಾರದ ಹಣ ಎಲ್ಲಿ ಬಿದ್ದರೆ ಜೀವ ಉಳಿಯುತ್ತದೆ ಎಂಬುದನ್ನು ಜಗತ್ತಿಗೆ ಅತ್ಯಂತ ಸ್ಪಷ್ಟವಾಗಿ ಕಲಿಸಿದ್ದು ಅಫೀಮು ಜಾತಿಯ ಔಷಧಿಗಳ ಚಟ. ಅಲ್ಲಿಂದ ಕಲಿತದ್ದು ಕುಡಿತಕ್ಕೂ ಬರುತ್ತದೆ.

ಮೊದಲು ನಮ್ಮ ದೇಶದ ಲೆಕ್ಕ ನೋಡೋಣ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದ ತೊಂದರೆಗೆ ನೆರವು ಬೇಕು. ಹೆರಾಯಿನ್, ಅಫೀಮು, ಅದೇ ಜಾತಿಯ ನೋವಿನ ಔಷಧಿ ಬಳಸುವವರು ಸುಮಾರು 2.26 ಕೋಟಿ. ಅವರಲ್ಲಿ ಚಿಕಿತ್ಸೆ ಬೇಕಾದವರು 77 ಲಕ್ಷದಷ್ಟು. ಇದಕ್ಕಿಂತ ಎದೆ ಹಿಂಡುವ ಅಂಕಿ ಇನ್ನೊಂದಿದೆ. ಮದ್ಯದ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ಟಿಬಿಗೋ ಸಕ್ಕರೆ ಕಾಯಿಲೆಗೋ ಇಂಥ ಅಂಕಿ ಬಂದಿದ್ದರೆ ವಿಧಾನಸಭೆಯಲ್ಲಿ ಗದ್ದಲವಾಗುತ್ತಿತ್ತು. ಚಟದ ವಿಷಯಕ್ಕೆ ಬಂದಾಗ ನಾವು 'ಅವನ ಕರ್ಮ' ಎಂದು ಸುಮ್ಮನಾಗಿದ್ದೇವೆ.

ಈಗ ಮಾತ್ರೆಗಳ ವಿಷಯ. ನೋವಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಫೀಮು ಜಾತಿಯವಲ್ಲ. ಅವನ್ನು ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡಬಹುದು, ಆದರೆ ಇಲ್ಲಿ ಹೇಳುತ್ತಿರುವ ಚಟ ಹತ್ತುವುದಿಲ್ಲ. ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್ ಬೇರೆ ಸಾಲಿಗೆ ಸೇರಿದವು. ವೈದ್ಯರು ಇವಕ್ಕೆ ಒಪಿಯಾಯ್ಡ್ ಎನ್ನುತ್ತಾರೆ. ಟ್ರಮಡಾಲಿನ ದುರ್ಬಳಕೆ ಹೆಚ್ಚಿದಾಗ ಕೇಂದ್ರ ಸರ್ಕಾರ 2018ರ ಏಪ್ರಿಲಿನಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಗೆ ಸೇರಿಸಿತು. ಟಪೆಂಟಡಾಲ್ ಆ ಪಟ್ಟಿಗೆ ಸೇರಲಿಲ್ಲ, ಹಲವರು ಅತ್ತ ಹೊರಳಿದರು. ಅದರ ಚಟ ಹತ್ತಿ ಬಂದವರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಭಾರತದಲ್ಲಿ ತಯಾರಾದ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಪಶ್ಚಿಮ ಆಫ್ರಿಕಾದ ಯುವಕರನ್ನು ಹಾಳುಮಾಡುತ್ತಿವೆ ಎಂಬ ಸುದ್ದಿ ಜಗತ್ತಿಗೆಲ್ಲ ಹಬ್ಬಿದ ಮೇಲೆ, 2025ರ ಫೆಬ್ರುವರಿಯಲ್ಲಿ ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿಗೆ ಕೊಟ್ಟಿದ್ದ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಂಡಿತು. ಒಂದು ಮಾತ್ರೆಯನ್ನು ಬಿಗಿ ಮಾಡಿದರೆ ಚಟ ಇನ್ನೊಂದನ್ನು ಹುಡುಕುತ್ತದೆ. ಬರೀ ನಿಷೇಧವನ್ನೇ ನಂಬಿ ಕೂತವರು ಇದನ್ನು ಗಮನಿಸಬೇಕು.

ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾನ್ಸರಿನ ಕೊನೆಯ ಹಂತದಲ್ಲಿ ನರಳುವವರಿಗೆ ಮಾರ್ಫಿನ್‌ನಂಥ ಔಷಧಿ ಬೇರೊಂದಿಲ್ಲ. ಚಟದ ಭಯದಿಂದ ಅವರಿಗೆ ಅದನ್ನು ತಪ್ಪಿಸುವುದು ಕ್ರೌರ್ಯ. ಅದು ಸುಲಭವಾಗಿ ಸಿಗಲೆಂದೇ ಸಂಸತ್ತು 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದಿತು.

ಚಟ ಹತ್ತಿದವನ ದೇಹದಲ್ಲಿ ಏನಾಗುತ್ತದೆ ಎಂಬುದು ಗೊತ್ತಾದರೆ ಹಣ ಎಲ್ಲಿಗೆ ಹೋಗಬೇಕು ಎಂಬುದೂ ಗೊತ್ತಾಗುತ್ತದೆ. ಒಪಿಯಾಯ್ಡ್ ಮಿದುಳಿನ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನು ಅಡಗಿಸುತ್ತದೆ, ಹಿತ ಕೊಡುತ್ತದೆ. ದಿನಗಳು ಕಳೆದಂತೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಅದೇ ಹಿತಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಸಿಗದಿದ್ದ ದಿನ ಮೂಗು, ಕಣ್ಣು ಸುರಿಯುತ್ತವೆ, ಭೇದಿ, ವಾಂತಿ, ಮೈಕೈ ಸೆಳೆತ, ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಹೊತ್ತಿಗೆ ಅವನು ಮಾತ್ರೆ ಹುಡುಕುವುದು ಮಜಾಕ್ಕಲ್ಲ, ಆ ಹಿಂಸೆಯಿಂದ ತಪ್ಪಿಸಿಕೊಳ್ಳಲು. ಮನಸ್ಸು ಗಟ್ಟಿ ಮಾಡ್ಕೋ ಎಂದು ಬುದ್ಧಿ ಹೇಳುವವರಿಗೆ ಈ ಹಿಂಸೆ ಕಾಣುವುದಿಲ್ಲ.

ಹಾಗಾದರೆ ಹತ್ತು ದಿನ ಕೂಡಿಹಾಕಿ ಬಿಡಿಸಿಬಿಟ್ಟರೆ ಆಗದೆ? ಹೆಚ್ಚಿನ ಮನೆಗಳವರು, ಎಷ್ಟೋ ಖಾಸಗಿ ವ್ಯಸನಮುಕ್ತಿ ಕೇಂದ್ರಗಳೂ ಹಾಗೇ ನಂಬಿವೆ. ಒಪಿಯಾಯ್ಡ್ ವಿಷಯದಲ್ಲಿ ಈ ನಂಬಿಕೆ ಜೀವಕ್ಕೇ ಎರವಾಗಬಹುದು. ಕೆಲವು ವಾರ ಮಾತ್ರೆಯಿಲ್ಲದೆ ಇದ್ದ ದೇಹ ತನ್ನ ಹಳೆಯ ಸಹಿಷ್ಣುತೆಯನ್ನು ಕಳೆದುಕೊಂಡಿರುತ್ತದೆ. ಹೊರಬಂದವನು ಆಸೆ ತಡೆಯಲಾರದೆ ಮೊದಲಿನ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಂತುಹೋಗುತ್ತದೆ. ಜೈಲಿನಿಂದ ಬಿಡುಗಡೆಯಾದವರು, ವ್ಯಸನಮುಕ್ತಿ ಕೇಂದ್ರದಿಂದ ಆಗಷ್ಟೇ ಹೊರಬಿದ್ದವರು ಮಿತಿಮೀರಿದ ಪ್ರಮಾಣದಿಂದ ಸಾಯುವುದು ಈ ಕಾರಣಕ್ಕೇ. ಔಷಧಿಯ ಆಸರೆಯಿಲ್ಲದೆ ಬರೀ ಬಿಡಿಸುವುದಕ್ಕಷ್ಟೇ ಸರ್ಕಾರ ಹಣ ಕೊಟ್ಟರೆ ಆ ಹಣ ಕೆಲವರನ್ನು ಸಾವಿನ ಹತ್ತಿರ ಒಯ್ಯುತ್ತದೆ.

ಫಲ ಕೊಟ್ಟ ದಾರಿ ಬೇರೆ. 1960ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ಚಟದವರಿಗೆ ಮೆಥಡೋನ್ ಎಂಬ ಔಷಧಿಯನ್ನು ದಿನಕ್ಕೊಮ್ಮೆ ಕೊಟ್ಟು ನೋಡಿದರು. ಅದು ನಿಧಾನವಾಗಿ ಕೆಲಸ ಮಾಡುತ್ತದೆ, ಬಹಳ ಹೊತ್ತು ಉಳಿಯುತ್ತದೆ. ನಶೆಯ ಏರಿಳಿತ ನಿಂತಿತು, ಜನ ಕೆಲಸಕ್ಕೆ ಹೋಗತೊಡಗಿದರು. ಆಮೇಲೆ ಬಂದದ್ದು ಬ್ಯೂಪ್ರೆನಾರ್ಫಿನ್. ನಾಲಿಗೆಯಡಿ ಇಟ್ಟು ಕರಗಿಸುವ ಮಾತ್ರೆ. ಇದು ಅದೇ ಗ್ರಾಹಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆದರೆ ಅದನ್ನು ಪೂರ್ತಿ ಕೆರಳಿಸುವುದಿಲ್ಲ. ಹಾಗಾಗಿ ಹಿಂಸೆ ತಪ್ಪುತ್ತದೆ, ಉಸಿರು ನಿಲ್ಲುವ ಅಪಾಯ ಬಹಳ ಕಡಿಮೆ. ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳುವುದನ್ನು ತಡೆಯಲು ಅದರಲ್ಲಿ ನಲೊಕ್ಸೋನ್ ಎಂಬ ವಿರೋಧಿ ಔಷಧಿಯನ್ನು ಬೆರೆಸಿರುತ್ತಾರೆ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್, ಬ್ಯೂಪ್ರೆನಾರ್ಫಿನ್ ಎರಡನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

'ಒಂದು ನಶೆ ಬಿಡಿಸೋಕೆ ಇನ್ನೊಂದು ನಶೆಯೇ?' ಎಂದು ಕೇಳುವವರಿದ್ದಾರೆ. ಪ್ರಾಮಾಣಿಕವಾದ ಪ್ರಶ್ನೆ. ಉತ್ತರ ಸಾವಿನ ಲೆಕ್ಕದಲ್ಲಿದೆ. ಮೆಥಡೋನ್ ಪಡೆದ ಒಂದು ಲಕ್ಷಕ್ಕೂ ಹೆಚ್ಚು ಜನರ ಬಗ್ಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಔಷಧಿ ತೆಗೆದುಕೊಳ್ಳುತ್ತಿರುವಾಗ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಜನ ಸತ್ತರೆ, ಚಿಕಿತ್ಸೆ ನಿಂತ ಮೇಲೆ ಸತ್ತವರು 36. ಬ್ಯೂಪ್ರೆನಾರ್ಫಿನ್‌ನಲ್ಲೂ ಚಿಕಿತ್ಸೆಯಲ್ಲಿರುವವರ ಸಾವು ಅರ್ಧಕ್ಕಿಂತ ಕಡಿಮೆ. ಫ್ರಾನ್ಸ್ 1990ರ ದಶಕದ ನಡುವಿನಲ್ಲಿ ಊರೂರಿನ ಸಾಮಾನ್ಯ ವೈದ್ಯರಿಗೇ ಬ್ಯೂಪ್ರೆನಾರ್ಫಿನ್ ಬರೆದುಕೊಡಲು ಬಿಟ್ಟಿತು. 1995ರಿಂದ 1999ರ ಹೊತ್ತಿಗೆ ಮಿತಿಮೀರಿದ ಪ್ರಮಾಣದ ಸಾವುಗಳು ಶೇ 79ರಷ್ಟು ಇಳಿದವು. ನಮ್ಮಲ್ಲೇ ಪಂಜಾಬ್ 2017ರ ಅಕ್ಟೋಬರಿನಲ್ಲಿ ಹೊರರೋಗಿ ಕ್ಲಿನಿಕ್ಕುಗಳನ್ನು ತೆರೆದು ಈ ಮಾತ್ರೆ ಕೊಡತೊಡಗಿತು. 2020ರ ಲಾಕ್‌ಡೌನಿನಲ್ಲಿ ಮಾತ್ರೆಯನ್ನು ಮನೆಗೆ ಒಯ್ಯಲೂ ಬಿಟ್ಟಿತು. ಮಾತ್ರೆ ಕಾಳಸಂತೆಗೆ ಸೋರುವ ತೊಂದರೆ ಅಲ್ಲಿ ಕಂಡಿದೆ, ಅದಕ್ಕೆ ಮೇಲ್ವಿಚಾರಣೆ ಬೇಕು. ಸೋರುತ್ತದೆಂದು ಬಾಗಿಲು ಮುಚ್ಚಿದರೆ ಬೀದಿಯ ವಿಷವೊಂದೇ ಉಳಿಯುತ್ತದೆ. ಎಚ್‌ಐವಿ ತಡೆಗಟ್ಟುವ ರಾಷ್ಟ್ರೀಯ ಸಂಸ್ಥೆ ನ್ಯಾಕೊ ಕೂಡ ಸೂಜಿ ಚುಚ್ಚಿಕೊಳ್ಳುವವರಿಗೆ ಇದೇ ಔಷಧಿಯನ್ನು ತನ್ನ ಕೇಂದ್ರಗಳಲ್ಲಿ ವರ್ಷಗಳಿಂದ ಕೊಡುತ್ತಿದೆ. ನಮಗೆ ಇದು ಹೊಸದೇನಲ್ಲ. ಹೊಸದಾಗಿ ಬೇಕಾಗಿರುವುದು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳವರೆಗೆ ಅದನ್ನು ತರುವ ಹಣ, ಮನಸ್ಸು.

ಕುಡಿತಕ್ಕೂ ಇದೇ ತರ್ಕ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಮತಿಭ್ರಮೆ ಶುರುವಾಗಿ ಸಾವೂ ಬರಬಹುದು. 'ಗಾಳಿ ಮೆಟ್ಟಿಕೊಂಡಿದೆ' ಎಂದು ದೇವರ ಮುಂದೆ ಕೂರಿಸಿ ಕಳೆದುಕೊಂಡ ಜೀವಗಳು ಎಷ್ಟಿವೆಯೋ. ಡೈಯಜೆಪಾಮ್ ಜಾತಿಯ ಮಾತ್ರೆಗಳನ್ನು ಕೆಲವು ದಿನ ಲೆಕ್ಕಹಾಕಿ ಇಳಿಸುತ್ತ ಕೊಡುವುದು, ಥಯಾಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್ ಹಾಕುವುದು ಇದರ ಚಿಕಿತ್ಸೆ. ಥಯಾಮಿನ್ ಅಗ್ಗದ ಔಷಧಿ. ಅದನ್ನು ಸಮಯಕ್ಕೆ ಕೊಡದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆಮೇಲೆ ಮತ್ತೆ ಕುಡಿಯುವ ಸೆಳೆತ ತಗ್ಗಿಸಲು ನಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಇವೆ. ಇವನ್ನೆಲ್ಲ ಬಿಟ್ಟು ನಮ್ಮ ಬಸ್ ನಿಲ್ದಾಣದ ಗೋಡೆಗಳ ಮೇಲೆ ಕಾಣುವುದೇನು? ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ ಎಂಬ ಜಾಹೀರಾತು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಗಂಡನ ಸಾರಿನಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸುವ ಪದ್ಧತಿಯೂ ಇದೆ. ಅದನ್ನು ತಿಂದವನು ಕುಡಿದರೆ ರಕ್ತದೊತ್ತಡ ಕುಸಿದು, ಎದೆ ಹೊಡೆದುಕೊಂಡು ಪ್ರಾಣವೇ ಹೋಗಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಎಂದೂ ಕೊಡಬಾರದ ಔಷಧಿ ಅದು. ತಾಯಂದಿರೇ, ಅಕ್ಕತಂಗಿಯರೇ, ದಯವಿಟ್ಟು ಇದನ್ನು ಮಾಡಬೇಡಿ. ದಾರಿ ಕಾಣದೆ ಹೀಗೆ ಮಾಡುತ್ತೀರೆಂದು ಬಲ್ಲೆ. ಸರಿಯಾದ ದಾರಿ ಹತ್ತಿರದಲ್ಲಿ ಇರಬೇಕಾಗಿತ್ತು.

ಹಣ ಇದ್ದರೆ ಸಾಲದು, ಅದು ಹೋಗುವ ಜಾಗ ಸರಿಯಿರಬೇಕು ಎಂಬುದಕ್ಕೆ ಅಮೆರಿಕದ ಕಥೆ ಸಾಕ್ಷಿ. ಅಲ್ಲಿ 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಚಟ ಹತ್ತುವ ಅಪಾಯವನ್ನು ಮರೆಮಾಚಿ ಮಾರಿದ್ದಕ್ಕೆ 2007ರಲ್ಲಿ ಆ ಕಂಪನಿಯ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, 2020ರಲ್ಲಿ ಕಂಪನಿಯೂ ಒಪ್ಪಿಕೊಂಡಿತು. ಮಾತ್ರೆಯಿಂದ ಹೆರಾಯಿನ್‌ಗೆ, ಹೆರಾಯಿನ್‌ನಿಂದ ಫೆಂಟನಿಲ್‌ಗೆ ಹೋದ ಆ ದೇಶದಲ್ಲಿ 2021ರೊಂದರಲ್ಲೇ ಮಾದಕ ವಸ್ತುಗಳ ಅತಿ ಪ್ರಮಾಣದಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ರಾಜ್ಯಗಳು, ಊರುಗಳು ಔಷಧಿ ಕಂಪನಿಗಳ ಮೇಲೆ, ವಿತರಕರ ಮೇಲೆ ದಾವೆ ಹೂಡಿ ರಾಜಿಯಲ್ಲಿ ಒಟ್ಟು 5,000 ಕೋಟಿ ಡಾಲರಿಗೂ ಹೆಚ್ಚು ಪಡೆಯುವಂತಾಯಿತು. ಆಗ ಎಲ್ಲರಿಗೂ ನೆನಪಾದದ್ದು 1998ರ ತಂಬಾಕು ರಾಜಿ. 25 ವರ್ಷಗಳಲ್ಲಿ 20,600 ಕೋಟಿ ಡಾಲರ್ ಕೊಡುವ ಒಪ್ಪಂದ ಅದು. ಬಂದ ಹಣದಲ್ಲಿ ಹೊಗೆಸೊಪ್ಪಿನ ಚಟ ಬಿಡಿಸಲು ಹೋದದ್ದು ಅಲ್ಪ ಭಾಗ, ಉಳಿದದ್ದು ರಾಜ್ಯಗಳ ಬಜೆಟ್ಟಿನ ತೂತು ಮುಚ್ಚಲು, ರಸ್ತೆಗೆ, ಮತ್ತೊಂದಕ್ಕೆ. ಮತ್ತೆ ಹಾಗಾಗಬಾರದೆಂದು ಈ ಸಲ ಹಣದ ಬಹುಪಾಲು ಚಟದ ಹಾನಿ ತಗ್ಗಿಸುವುದಕ್ಕೇ ಹೋಗಬೇಕೆಂದು ಬರೆಸಿಕೊಂಡರು. ಆದರೂ ಕೆಲವು ಕಡೆ ಆ ಹಣದಲ್ಲಿ ಪೊಲೀಸ್ ವಾಹನ ಕೊಂಡರು. ಕಣ್ಣಿಗೆ ಕಾಣುವ ವಸ್ತು ಕೊಂಡರೆ ಕೆಲಸವಾದಂತೆ ತೋರುತ್ತದೆ. ನಲವತ್ತು ವರ್ಷದ ಒಬ್ಬ ಕೂಲಿಯವನು ಆರು ತಿಂಗಳು ಮಾತ್ರೆ ತಪ್ಪಿಸದೆ ಕೆಲಸಕ್ಕೆ ಹೋದದ್ದು ಯಾವ ಫೋಟೊದಲ್ಲೂ ಬರುವುದಿಲ್ಲ.

ಮಕ್ಕಳ ಜಾಗೃತಿಗೆ ಅದೇ ದೇಶ ಮಾಡಿದ ಖರ್ಚಿನಿಂದಲೂ ಕಲಿಯಬಹುದು. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೊಲೀಸರು ಶಾಲೆಗೆ ಹೋಗಿ ಪಾಠ ಹೇಳುವ ಡೇರ್ ಎಂಬ ಕಾರ್ಯಕ್ರಮ ಶುರುವಾಗಿ ದೇಶವೆಲ್ಲ ಹಬ್ಬಿತು. ಹಲವು ವರ್ಷಗಳ ನಂತರ ಅಳೆದು ನೋಡಿದಾಗ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂದೆತಾಯಿಗೆ ಮಕ್ಕಳನ್ನು ಸಂಭಾಳಿಸುವ ತರಬೇತಿ, ಮಕ್ಕಳಿಗೆ ಕೋಪ, ಒತ್ತಡ, ಗೆಳೆಯರ ಒತ್ತಾಯವನ್ನು ನಿಭಾಯಿಸುವ ಕಲಿಕೆ ಇದಕ್ಕಿಂತ ಮೇಲು ಎನ್ನುತ್ತವೆ ವಿಶ್ವಸಂಸ್ಥೆಯ ತಡೆಗಟ್ಟುವಿಕೆಯ ಮಾನದಂಡಗಳು. ಜಾಥಾ ಬೇಡವೆಂದು ನಾನು ಹೇಳುವುದಿಲ್ಲ. ಜಾಥಾವನ್ನೇ ಚಿಕಿತ್ಸೆಯೆಂದು ಲೆಕ್ಕ ಬರೆಯಬಾರದು, ಅಷ್ಟೆ.

ನಮ್ಮ ರಾಜ್ಯದಲ್ಲಿ ಹಣ ಎಲ್ಲಿದೆ? ಹುಡುಕಬೇಕಾಗಿಲ್ಲ. 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಗೊತ್ತುಮಾಡಿದ ಗುರಿ 40,000 ಕೋಟಿ ರೂಪಾಯಿ. ಹಿಂದಿನ ವರ್ಷದ ಗುರಿ 38,525 ಕೋಟಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಇಲ್ಲ, ಆದರೆ ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಖಜಾನೆ ತುಂಬುತ್ತಲೇ ಹೋಯಿತು. 2019ರ ಜನವರಿಯಲ್ಲಿ ಹಳ್ಳಿಯ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಕೂಗುತ್ತ ಬೆಂಗಳೂರಿಗೆ ನಡೆದದ್ದು ಬಿಳಿಚೋಡಿಗೆ ಹತ್ತಿರದ ಚಿತ್ರದುರ್ಗದಿಂದಲೇ. ಜನವರಿ 19ರಂದು ಹೊರಟು ಹನ್ನೆರಡನೆಯ ದಿನ ರಾಜಧಾನಿ ಮುಟ್ಟಿದರು. ಮಾದಕ ಪಾನೀಯಗಳ ನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿಯೂ ರಾಜ್ಯಕ್ಕೆ ಹೇಳಿದೆ. ನಿಷೇಧ ಸಾಧ್ಯವೇ ಎಂಬ ವಾದ ಬೇರೆ, ಅದು ಇಲ್ಲಿ ಬೇಡ. ಆ ಹೆಣ್ಣುಮಕ್ಕಳ ಬೇಡಿಕೆಯನ್ನು ಒಪ್ಪಲಾರದ ಸರ್ಕಾರ ಕನಿಷ್ಠ ಅವರ ಗಂಡಂದಿರಿಗೆ, ಮಕ್ಕಳಿಗೆ ಚಿಕಿತ್ಸೆ ಕೊಡಿಸುವ ಹೊಣೆಯನ್ನಾದರೂ ಹೊರಬೇಕಲ್ಲ!

ಕೂಡಿ ಕಳೆದು ನೋಡಿ. 40,000 ಕೋಟಿಯಲ್ಲಿ ನೂರು ರೂಪಾಯಿಗೆ ಒಂದೇ ರೂಪಾಯಿ ತೆಗೆದರೂ 400 ಕೋಟಿ. 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ಸುಮಾರು 12.9 ಕೋಟಿ. ದಾವಣಗೆರೆ ಜಿಲ್ಲೆಯಲ್ಲಿ ದಾವಣಗೆರೆ, ಹರಿಹರ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಆರು ತಾಲ್ಲೂಕು. ಒಂದೊಂದಕ್ಕೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು. ಒಬ್ಬ ವೈದ್ಯರು, ಇಬ್ಬರು ಮೂವರು ಆಪ್ತಸಮಾಲೋಚಕರು, ಶುಶ್ರೂಷಕಿಯರು, ವರ್ಷಪೂರ್ತಿ ಔಷಧಿ, ಹಳ್ಳಿಗೆ ಹೋಗಿ ಬರುವ ಓಡಾಟ, ಎಲ್ಲ ಕಳೆದರೂ ಅದರಲ್ಲಿ ಹಣ ಉಳಿಯುತ್ತದೆ.

ಜಗಳೂರಿನ ಜನಕ್ಕೆ ಇದನ್ನು ಬಿಡಿಸಿ ಹೇಳುವುದು ಸುಲಭ. ಹರಿಹರದ ಬಳಿಯ ತುಂಗಭದ್ರೆಯಿಂದ ನೀರೆತ್ತಿ ಈ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗಾಗಿ ಅವರು ವರ್ಷಗಟ್ಟಲೆ ಕಾದವರು. ಪೈಪು ಹೂತು ಮೋಟಾರು ಕೂರಿಸಿದ ದಿನ ಯೋಜನೆ ಮುಗಿಯುವುದಿಲ್ಲವೆಂದು ಅವರಿಗೆ ಗೊತ್ತು. ಪ್ರತಿವರ್ಷ ಕರೆಂಟು ಬಿಲ್ಲು ಕಟ್ಟಬೇಕು, ಮೋಟಾರು ರಿಪೇರಿ ಮಾಡಿಸಬೇಕು. ಇಲ್ಲದಿದ್ದರೆ ಪೈಪು ಇದ್ದಲ್ಲೇ ಇರುತ್ತದೆ, ಕೆರೆ ಒಣಗುತ್ತದೆ. ಚಟದ ಚಿಕಿತ್ಸೆಗೆ ಬೇಕಾದದ್ದೂ ಅಂಥ ವರ್ಷ ವರ್ಷದ ಹಣ. ಒಂದು ಸಲದ ಕಟ್ಟಡ, ಒಂದು ಸಲದ ಶಿಬಿರ, ಒಂದು ಸಲದ ಉದ್ಘಾಟನೆಯಿಂದ ಅದು ಆಗುವುದಿಲ್ಲ. ಈ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದಾಗ ಬೈಯದೆ ಮತ್ತೆ ಒಳಗೆ ಕರೆಯುವ ವ್ಯವಸ್ಥೆ ಬೇಕು.

ಇದನ್ನೆಲ್ಲ ಮಾಡಲು ನಮ್ಮಲ್ಲಿ ಜನರಿಲ್ಲ ಎಂಬ ನೆಪವನ್ನು ಈ ಸೀಮೆಯಲ್ಲಿ ಯಾರೂ ಹೇಳಬಾರದು. ಯಾಕೆಂದರೆ ದೇಶಕ್ಕೇ ದಾರಿ ತೋರಿಸಿದ ಪ್ರಯೋಗ ನಡೆದದ್ದು ಪಕ್ಕದಲ್ಲೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳನ್ನು ಒದಗಿಸಿ, ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗಕ್ಕೆ ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. ಜಗಳೂರಿಗೆ ಅಂಟಿಕೊಂಡಂತಿರುವ ಕೂಡ್ಲಿಗಿ, ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಎಂಬಿಬಿಎಸ್ ಓದಿದ ವೈದ್ಯರಿಗೆ ಸರಿಯಾಗಿ ಕಲಿಸಿ ಬೆನ್ನಿಗೆ ನಿಂತರೆ ಅವರು ಈ ಕೆಲಸ ಮಾಡಬಲ್ಲರು ಎಂದು ಬಳ್ಳಾರಿ ತೋರಿಸಿಕೊಟ್ಟಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ 2014ರಲ್ಲಿ ತಂದಿತು. ವಿಡಿಯೊ ಮೂಲಕ ದೂರದ ವೈದ್ಯರಿಗೆ, ಸಮಾಲೋಚಕರಿಗೆ ಚಟದ ಚಿಕಿತ್ಸೆ ಕಲಿಸುವ ಜಾಲವನ್ನು ನಿಮ್ಹಾನ್ಸ್ ಕಟ್ಟಿದೆ. ಬಿಳಿಚೋಡಿನ ವೈದ್ಯರೂ ತಮ್ಮ ಕೊಠಡಿಯಲ್ಲೇ ಕೂತು ಅದರಲ್ಲಿ ಪಾಲ್ಗೊಳ್ಳಬಹುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ. ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ, ಖಾಲಿ ಹುದ್ದೆ ತುಂಬಿ, ಔಷಧಿ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುವುದಕ್ಕೆ ಹಣ ಹೋಗಬೇಕು.

ಮಹಾಂತ ಶಿವಯೋಗಿಗಳ ಜೋಳಿಗೆಯನ್ನು ನಾನು ಗೌರವದಿಂದ ನೆನೆಯುತ್ತೇನೆ. ಅನ್ನ, ಕಾಣಿಕೆ ಕೇಳದೆ ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಮನೆಮನೆಯ ಬಾಗಿಲಲ್ಲಿ ನಿಂತ ಸ್ವಾಮಿಗಳು ಅವರು. ಕುಡುಕನನ್ನು ಹೀಗಳೆಯದೆ ಅವನ ಬಾಗಿಲಿಗೇ ಹೋದದ್ದು ಅದರ ದೊಡ್ಡತನ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳಿಂದಲೂ ಎಷ್ಟೋ ಸಂಸಾರಗಳು ನೆಟ್ಟಗಾಗಿವೆ. ಇಂಥವರು ಹುಟ್ಟಿಸಿದ ಸಂಕಲ್ಪ ಉಳಿಯಬೇಕಾದರೆ, ಶಿಬಿರ ಮುಗಿಸಿ ಮನೆಗೆ ಬಂದವನಿಗೆ ಮರುವಾರವೇ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಸಲಹೆ ಸಿಗಬೇಕು. ಮಠ, ಸಂಘಸಂಸ್ಥೆಗಳು ಕರೆತರಲಿ, ಆಸ್ಪತ್ರೆ ನೋಡಿಕೊಳ್ಳಲಿ.

ಕಾನೂನು ಹೇಳುವ ಎರಡು ಮಾತುಗಳು ಮನೆಮಂದಿಗೆ ತಿಳಿದಿರಬೇಕು. ಮಾದಕ ವಸ್ತುಗಳ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯದಂತೆ ರಕ್ಷಣೆಯಿದೆ. ಪೊಲೀಸರ ಭಯಕ್ಕೆ ಮಗನನ್ನು ಬಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ತೊಂದರೆಯನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಅಂಥವರನ್ನು ಇಟ್ಟುಕೊಳ್ಳುವ ಕೇಂದ್ರ ನೋಂದಣಿ ಮಾಡಿಸಿರಬೇಕು, ಸರಪಳಿ ಹಾಕುವಂತಿಲ್ಲ. ಬೀಗ ಹಾಕಿ ಹೊಡೆಯುವ ಜಾಗ ಚಿಕಿತ್ಸಾ ಕೇಂದ್ರವಲ್ಲ. ಅಂಥ ಕಡೆಗೆ ಸರ್ಕಾರದ ಒಂದು ಪೈಸೆಯೂ ಹೋಗಬಾರದು. ಬಲವಂತದ ಕೂಡಿಹಾಕುವ ಕೇಂದ್ರಗಳನ್ನು ಮುಚ್ಚಿ ಎಂದು 2012ರಲ್ಲೇ ವಿಶ್ವಸಂಸ್ಥೆಯ ಹನ್ನೆರಡು ಅಂಗಸಂಸ್ಥೆಗಳು ಒಟ್ಟಾಗಿ ಕೇಳಿವೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಥಯಾಮಿನ್ ಇದೆಯೇ? ತಾಲ್ಲೂಕು ಆಸ್ಪತ್ರೆಯಲ್ಲಿ ನಲ್ಟ್ರೆಕ್ಸೋನ್ ಸಿಗುತ್ತದೆಯೇ? ಮನೋವೈದ್ಯರು ಬರುವ ದಿನ ಯಾವುದು, ಕಳೆದ ತಿಂಗಳು ಎಷ್ಟು ಸಲ ಬಂದರು? ಆಪ್ತಸಮಾಲೋಚಕರ ಹುದ್ದೆ ತುಂಬಿದೆಯೇ? ಬ್ಯೂಪ್ರೆನಾರ್ಫಿನ್ ಕೊಡುವ ಅನುಮತಿ ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಶಾಸಕರು ಬಂದಾಗ ಅದೇ ಕಾಗದ ಮುಂದಿಟ್ಟು ನೂರಕ್ಕೆ ಒಂದು ರೂಪಾಯಿಯ ಲೆಕ್ಕ ಕೇಳಿ.

ಅಷ್ಟರೊಳಗೆ ನಿಮ್ಮ ಮನೆಯಲ್ಲೇ ಯಾರಿಗಾದರೂ ನೆರವು ಬೇಕಾದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಾದಕ ವಸ್ತುಗಳ ಚಟಕ್ಕೆಂದೇ ಇರುವ ಸಹಾಯವಾಣಿ 14446. ಎರಡಕ್ಕೂ ಹಣ ಕೊಡಬೇಕಾಗಿಲ್ಲ.